ಸ್ಕೂಲಿಗೆ ಬಂದ ಹದಿನೇಳು ಗಡಿಯಾರ

ನನಗೆ ಕೈಚಾಚಿ ಗೊತ್ತಿಲ್ಲ. ಬೈದು ಗೊತ್ತು, ಬೈಸಿಕೊಂಡು ಗೊತ್ತು. ಕೊತ್ತಗೆರೆ ಕಡೆಯ ಹೆಣ್ಣುಮಕ್ಕಳಿಗೆ ಬಾಯಿ ಜಾಸ್ತಿ ಅಂತ ನನ್ನ ಗಂಡನ ಮನೆಯವರು ಮದುವೆಯಾದ ದಿನದಿಂದ ಹೇಳುತ್ತಲೇ ಬಂದಿದ್ದಾರೆ, ನಾನೂ ಅದನ್ನು ಸುಳ್ಳು ಮಾಡಲು ಹೋಗಿಲ್ಲ. ಆದರೆ ಒಬ್ಬರ ಮುಂದೆ ನಿಂತು ದುಡ್ಡು ಕೊಡಿ ಅನ್ನುವ ಮಾತು ಮಾತ್ರ ಈ ಬಾಯಿಗೆ ಬರುವುದಿಲ್ಲ. ಅಂಥವಳು ಚೇಳೂರಿನ ಹತ್ತಿರದ ಒಂದು ಹಳ್ಳಿಯ ಸರ್ಕಾರಿ ಶಾಲೆಗೆ ಹೆಡ್ ಮಿಸ್ ಆಗಿ ಬಂದೆ. ಬಂದ ಎರಡನೇ ವರ್ಷಕ್ಕೇ ದುಡ್ಡು ಎತ್ತುವ ಕೆಲಸ ಕೊರಳಿಗೆ ಸುತ್ತಿಕೊಂಡಿತು.

ವಿಷಯ ಇಷ್ಟೇ. ನಮ್ಮ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಅಂತ ಒಂದು ಶೌಚಾಲಯ ಇತ್ತು. ನೀಲಿ ಟೈಲ್ಸು, ಗಟ್ಟಿ ಬಾಗಿಲು, ಒಳಗೆ ಚಿಲಕ, ಎಲ್ಲ ಇತ್ತು. ನೀರು ಮಾತ್ರ ಇರಲಿಲ್ಲ. ಮೇಲೊಂದು ಟ್ಯಾಂಕು, ಕೆಳಗೊಂದು ಮೋಟರು, ನಡುವೆ ಪೈಪು ಆಗಬೇಕಿತ್ತು. ಅದಾಗುವ ತನಕ ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ನನ್ನ ಟೇಬಲ್ಲಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೆ. ದೊಡ್ಡ ಹುಡುಗಿಯರು ಬಿಸಿಯೂಟ ಮುಗಿಸಿ ಮನೆಗೆ ಹೋದರೆ ವಾಪಸು ಬರುತ್ತಿರಲಿಲ್ಲ. ಯಾಕೆ ಅಂತ ಕೇಳಿದರೆ ತಲೆ ತಗ್ಗಿಸುತ್ತಿದ್ದರು. ಎರಡು ಗಂಟೆಗೆ ಮಧ್ಯಾಹ್ನದ ಹಾಜರಿ ಕರೆದರೆ ಅವರ ಕಡೆಯ ಬೆಂಚು ಅರ್ಧ ಖಾಲಿ ಇರುತ್ತಿತ್ತು.

ಆ ಹುಡುಗಿಯರಲ್ಲಿ ಒಬ್ಬಳು ನಮ್ಮ ಅಡುಗೆಯವರ ಮೊಮ್ಮಗಳು, ಆರನೇ ಕ್ಲಾಸು. ಅಡುಗೆಯವರಿಗೆ ಅರವತ್ತರ ಹತ್ತಿರ, ಊರಿಗೆಲ್ಲ ಅಕ್ಕ, ನನಗೂ ಅಕ್ಕ. ಮೊಮ್ಮಗಳು ಲೆಕ್ಕದಲ್ಲಿ ಬಲು ಚುರುಕು. ಬೋರ್ಡಿನ ಮೇಲೆ ನಾನೇನಾದರೂ ತಪ್ಪು ಬರೆದರೆ ಬಾಯಿಬಿಟ್ಟು ಹೇಳಲಾರದೆ ಸುಮ್ಮನೆ ಕೆಮ್ಮುವಳು. ಆ ಕೆಮ್ಮಿಗೆ ನಾನು ಹೆದರುತ್ತಿದ್ದೆ. ಆ ಡಿಸೆಂಬರಿನಿಂದ ಅವಳು ತಿಂಗಳಿಗೆ ನಾಲ್ಕೈದು ದಿನ ಶಾಲೆಗೆ ಬರುವುದನ್ನೇ ನಿಲ್ಲಿಸಿದಳು. ನಾನು ಅಡುಗೆಮನೆಗೆ ಹೋಗಿ ಅಕ್ಕನನ್ನೇ ಕೇಳಿದೆ. ಅವರು ಸಾಂಬಾರಿಗೆ ಒಗ್ಗರಣೆ ಹಾಕುತ್ತಾ ನನ್ನ ಮುಖ ನೋಡದೆ ಹೇಳಿದರು.

"ನೀರಿಲ್ದಿರೋ ಕಡೆ ಬೆಳೆದ್ ಹುಡ್ಗೀನ ಹೆಂಗ್ ಕಳಿಸ್ಲಿ ಮಿಸ್ಸೆ? ಜೂನ್ ಒಳಗೆ ನೀರು ಬರ್ಲಿಲ್ಲ ಅಂದ್ರೆ ಕುಣಿಗಲ್‌ಗೆ ಅವ್ರವ್ವನ ತಾವ ಕಳಿಸ್ಬುಡ್ತೀನಿ. ಅಲ್ಲಿ ಕೂಸೈತೆ, ನೋಡ್ಕೊಂಡು ಇರ್ತಾಳೆ."

ಹುಡುಗಿಯ ತಾಯಿ ಕುಣಿಗಲ್ಲಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವಳು. ಕೂಸು ನೋಡಿಕೊಳ್ಳಲು ಹೋದ ಹುಡುಗಿ ಮತ್ತೆ ಸ್ಕೂಲಿನ ಮೆಟ್ಟಿಲು ಹತ್ತುವುದಿಲ್ಲ ಅಂತ ನನಗೆ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು. ನನಗೆ ಇಂಥವರ ಮೇಲೆ ಅಂತಿಲ್ಲದೆ ಸಿಟ್ಟು ಬಂತು. ಅಕ್ಕನ ಮೇಲೆ ತೋರಿಸುವ ಹಾಗಿರಲಿಲ್ಲ. ಸಾಂಬಾರಿಗೆ ಉಪ್ಪು ಜಾಸ್ತಿಯಾಗಿದೆ ಅಂತ ರುಚಿ ನೋಡದೆಯೇ ಹೇಳಿ ಬಂದೆ.

ತುಮಕೂರಿನ ಪ್ರೈವೇಟ್ ಸ್ಕೂಲೊಂದರಲ್ಲಿ ಟೀಚರ್ ಆಗಿರುವ ನನ್ನ ಮಗಳಿಗೆ ಇದನ್ನೆಲ್ಲ ಹೇಳಿಕೊಂಡೆ. ಅವಳು ಅಷ್ಟೇನಾ ಅಮ್ಮ ಅಂದಳು. ಅವರಲ್ಲಿ ವರ್ಷಕ್ಕೊಂದು ಫನ್ ಫೇರ್ ಮಾಡುತ್ತಾರಂತೆ. ಲೋಟ ಜೋಡಿಸಿಟ್ಟು ಚೆಂಡಿನಲ್ಲಿ ಹೊಡೆಯುವುದಕ್ಕೆ ಇಷ್ಟು, ಬಾಟಲಿಗೆ ಬಳೆ ಎಸೆಯುವುದಕ್ಕೆ ಇಷ್ಟು ಅಂತ ಟಿಕೆಟ್ ಇಟ್ಟರೆ ಅಪ್ಪ ಅಮ್ಮಂದಿರು ನಗುನಗುತ್ತಾ ದುಡ್ಡು ಕೊಟ್ಟು ಹೋಗುತ್ತಾರಂತೆ. ನಾನು ಹುರುಪಿನಿಂದ ನಮ್ಮ ಶಾಲಾ ಸಮಿತಿಯ ಮೀಟಿಂಗಿನಲ್ಲಿ ಹೇಳಿದೆ. ಸಮಿತಿಯ ಅಧ್ಯಕ್ಷರು ರಿಟೈರ್ಡ್ ಬಸ್ ಕಂಡಕ್ಟರು, ಗುಬ್ಬಿ ಚೇಳೂರು ರೂಟಿನಲ್ಲಿ ಕೂಗಿ ಕೂಗಿ ಗಂಟಲು ತಮಟೆಯಾಗಿತ್ತು. ಅವರು ಆಗಲ್ಲ ಅನ್ನುವ ಹಾಗೆ ಮೆತ್ತಗೆ ತಲೆ ಆಡಿಸಿದರು. ಗಣೇಶನಿಗೆ, ರಾಜ್ಯೋತ್ಸವಕ್ಕೆ, ಕ್ರಿಕೆಟ್ ಟೂರ್ನಮೆಂಟಿಗೆ ಚಂದಾ ಕೊಟ್ಟು ಕೊಟ್ಟು ಊರಿನವರು ರಸೀದಿ ಪುಸ್ತಕ ಕಂಡರೆ ಹಿತ್ತಲ ಬಾಗಿಲಿನಿಂದ ತೋಟ ಸೇರುತ್ತಾರೆ ಅಂದರು. ಟೀ ತಂದಿದ್ದ ಅಕ್ಕ ಬಾಗಿಲಲ್ಲೇ ನಿಂತಿದ್ದರು.

"ರಸೀದಿ ಹರಿದ್ರೆ ಯಾರೂ ಬರಾಕಿಲ್ಲ. ಪತ್ರಿಕೆ ಕೊಡಿ. ಅರಿಶಿನ ಕುಂಕುಮ ಹಚ್ಚಿದ್ ಪತ್ರಿಕೆ ಮನೆ ಬಾಗ್ಲಿಗೆ ಬಂದ್ರೆ ಹೋಗ್ದೆ ಇರೋರು ಈ ಊರಲ್ಲಿ ಹುಟ್ಟಿಲ್ಲ."

ಆ ಮಾತು ಎಲ್ಲರಿಗೂ ಹಿಡಿಸಿತು. ಪತ್ರಿಕೆ ಹಂಚಲು ಒಂದು ಶುಭಕಾರ್ಯ ಬೇಕಲ್ಲ, ಅದಕ್ಕೆ ಶಾಲೆಯ ಹುಟ್ಟುಹಬ್ಬ ಅಂತ ಇಟ್ಟುಕೊಂಡೆವು. ಶಾಲೆ ಹುಟ್ಟಿದ ದಿನ ಯಾರಿಗೂ ಗೊತ್ತಿರಲಿಲ್ಲ. ಫೆಬ್ರವರಿಯ ಒಂದು ಭಾನುವಾರ ಹುಟ್ಟಿತು ಅಂತ ನಾವೇ ತೀರ್ಮಾನ ಮಾಡಿದೆವು. ಗುಬ್ಬಿಯ ಪ್ರೆಸ್ಸಿನವನು ರೂಢಿಯ ಪ್ರಕಾರ ಪತ್ರಿಕೆಯ ಕೊನೆಗೆ 'ಆಶೀರ್ವಾದವೇ ಉಡುಗೊರೆ' ಅಂತ ಸೇರಿಸಿದ್ದ. ಆಶೀರ್ವಾದದಲ್ಲಿ ಮೋಟರ್ ಬರುತ್ತದೇನಪ್ಪಾ ಅಂತ ಅವನನ್ನು ಗದರಿಸಿ, ಎದುರಿಗೇ ನಿಂತು ಆ ಸಾಲು ತೆಗೆಸಿದೆ. ಮನೆಗೆ ಬಂದು ಗಂಡನಿಗೆ ಅದನ್ನು ಜಂಬದಿಂದ ಹೇಳಿಕೊಂಡೆ ಕೂಡ.

ಭಾನುವಾರ ಇಡೀ ಊರು ರೇಷ್ಮೆ ಸೀರೆ ಉಟ್ಟು, ಬಿಳಿ ಪಂಚೆ ಉಟ್ಟು ಬಂತು. ಶಾಮಿಯಾನ ಹಾಕಿದ್ದೆವು, ಮಕ್ಕಳು ಬಲೂನು ಕಟ್ಟಿದ್ದರು, ಅಕ್ಕ ಬೆಳಗಿನಿಂದ ಪಲಾವು ಕೇಸರಿಭಾತಿಗೆ ನಿಂತಿದ್ದರು. ಮಗಳು ಹೇಳಿದ ಆಟಗಳನ್ನು ಊರಿಗೆ ತಕ್ಕ ಹಾಗೆ ಬದಲಾಯಿಸಿದ್ದೆ. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟರೆ ನೀರು ಇಂಗಿ ಒಳಗೆ ಕೊಬ್ಬರಿ ಗಿಟುಕಾಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಅಲ್ಲಾಡಿಸಿದರೆ ಸದ್ದಿನಲ್ಲೇ ತಿಳಿಯುತ್ತದೆ. ಇಪ್ಪತ್ತು ಕಾಯಿ ಸಾಲಾಗಿಟ್ಟು, ಯಾವುದು ಕೊಬ್ಬರಿಯಾಗಿದೆ ಯಾವುದು ಆಗಿಲ್ಲ ಅಂತ ಅಲ್ಲಾಡಿಸಿ ಹೇಳಬೇಕು, ಸರಿ ಹೇಳಿದರೆ ಒಂದು ಮೈಸೂರುಪಾಕು, ಟಿಕೆಟ್ಟಿಗೆ ಹತ್ತು ರೂಪಾಯಿ ಅಂತ ಬೋರ್ಡು ಬರೆಸಿದ್ದೆ. ಹುಟ್ಟಿದಾಗಿನಿಂದ ಕಾಯಿ ಅಲ್ಲಾಡಿಸಿಕೊಂಡೇ ಬಂದ ಊರಿನಲ್ಲಿ ತಪ್ಪು ಹೇಳುವವರು ಯಾರು? ಅರ್ಧ ಗಂಟೆಯಲ್ಲಿ ಒಂದು ಟ್ರೇ ಮೈಸೂರುಪಾಕು ಖಾಲಿಯಾಯಿತು. ಒಬ್ಬ ತಾತ ಅಲ್ಲಾಡಿಸದೆ ಬರೀ ಬೆರಳಲ್ಲಿ ತಟ್ಟಿಯೇ ಹೇಳಿ ಎರಡು ತಿಂದು ಹೋದರು. ನಾನು ಆ ಆಟವನ್ನು ಅಲ್ಲಿಗೇ ನಿಲ್ಲಿಸಿದೆ.

ಅಷ್ಟರಲ್ಲಿ ಜನ ಒಬ್ಬೊಬ್ಬರಾಗಿ ಸಾಲಿನಲ್ಲಿ ಬಂದು ಉಡುಗೊರೆ ಕೊಡತೊಡಗಿದರು. ಮದುವೆ ರಿಸೆಪ್ಷನ್ ಹಾಗೆಯೇ. ಮಿರಿಮಿರಿ ಮಿಂಚುವ ಕಾಗದ ಸುತ್ತಿದ ಪೊಟ್ಟಣ ನನ್ನ ಕೈಗಿಡುವುದು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವುದು. ಕವರಿನಲ್ಲಿ ದುಡ್ಡು ಹಾಕಿ ಕೊಟ್ಟವರು ಎಲ್ಲೋ ನಾಲ್ಕು ಜನ. ಪೊಟ್ಟಣಗಳನ್ನು ಆಫೀಸಿಗೆ ಒಯ್ದು ಬಿಚ್ಚಿದೆವು. ಗೋಡೆ ಗಡಿಯಾರ. ಮತ್ತೊಂದು, ಅದೂ ಗೋಡೆ ಗಡಿಯಾರ. ಒಟ್ಟು ಹದಿನೇಳು. ಸ್ಕೂಲಿನಲ್ಲಿ ಗಡಿಯಾರವಿಲ್ಲ, ಪಾಪ ಮೊಬೈಲ್ ನೋಡಿ ಗಂಟೆ ಹೊಡೆಯುತ್ತಾರೆ ಅಂತ ಒಬ್ಬೊಬ್ಬರೂ ತಮ್ಮಷ್ಟಕ್ಕೆ ತಾವೇ ಯೋಚನೆ ಮಾಡಿದ್ದರು. ಪ್ರತಿಯೊಂದರ ಮುಖದ ಮೇಲೂ ಕೊಟ್ಟವರ ಹೆಸರು, ಕೆಲವದರ ಮೇಲೆ ಫೋಟೋ ಸಹ. ಕೊನೆಗೆ ಕಾಗದ ಸುತ್ತದ, ಹೆಸರಿಲ್ಲದ ಒಂದು ಕೆಂಪು ಪ್ಲಾಸ್ಟಿಕ್ ಬಕೆಟ್ಟು, ಅದರೊಳಗೊಂದು ಮಗ್ಗು. ಅದು ಅಕ್ಕ ತಂದಿದ್ದು. ಇದಕ್ಕೆ ಕೊಟ್ಟ ದುಡ್ಡನ್ನೇ ಕೈಗೆ ಕೊಟ್ಟಿದ್ದರೆ ನಾಲ್ಕಡಿ ಪೈಪಾದರೂ ಬರುತ್ತಿತ್ತಲ್ಲ ಅಂತ ಅನ್ನಿಸಿತು. ಹಾಗೆ ಅನ್ನಿಸಿದ್ದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ.

ಕುರ್ಚಿಯ ಮೇಲೆ ಕೂತು ಅತ್ತುಬಿಟ್ಟೆ. ಪತ್ರಿಕೆಯಲ್ಲಿ ಆ ಒಂದು ಸಾಲು ತೆಗೆಸಿದವಳು ನಾನೇ ತಾನೆ? ಹದಿನೇಳು ಗಡಿಯಾರವೂ ನನ್ನ ಎದುರಿಗೇ ಟಿಕ್ ಟಿಕ್ ಅನ್ನುತ್ತಿದ್ದವು, ಜೂನಿಗೆ ಇನ್ನು ನಾಲ್ಕೇ ತಿಂಗಳಿತ್ತು.

ಕಂಡಕ್ಟರು ಒಳಗೆ ಬಂದು ನೋಡಿದರು. ಜನ ಊಟ ಮಾಡಿ ಏಳುವುದರೊಳಗೆ ಇವನ್ನೆಲ್ಲ ಹರಾಜು ಹಾಕೋಣ ಅಂದರು. ಕೊಟ್ಟವರ ಕಣ್ಣೆದುರಿಗೇ ಅವರ ಉಡುಗೊರೆ ಮಾರುವುದೇ, ಅವರ ಮರ್ಯಾದೆ ಏನಾಗಬೇಕು ಅಂತ ನಾನು ರೇಗಿದೆ.

"ಮರ್ವಾದೆ ಇರೋದ್ರಿಂದ್ಲೇ ಮೇಡಂ ದುಡ್ಡು ಹುಟ್ಟೋದು. ನೀವು ಸುಮ್ಕೆ ಕೂತ್ಕಂಡು ನೋಡಿ."

ಅವರು ಬೆಂಚು ಹತ್ತಿ, ಬಂದ ದುಡ್ಡೆಲ್ಲ ಹೆಣ್ಣುಮಕ್ಕಳ ಶೌಚಾಲಯದ ನೀರಿಗೆ ಅಂತ ಸಾರಿ, ಮೊದಲನೇ ಗಡಿಯಾರ ಎತ್ತಿ ಹಿಡಿದು, ಅದರ ಮೇಲಿದ್ದ ಹೆಸರನ್ನು ಸ್ಟಾಪು ಕೂಗುವ ಹಾಗೆ ಮೂರು ಸಲ ಕೂಗಿದರು. ನೂರು ರೂಪಾಯಿ ಅಂದರು. ಯಾರೂ ಉಸಿರೆತ್ತಲಿಲ್ಲ. ಕೊಟ್ಟ ಯಜಮಾನರ ಮುಖ ಕೆಂಪಗಾಯಿತು. ಇಡೀ ಊರಿನ ಮುಂದೆ ತಮ್ಮ ಹೆಸರಿಗೆ ನೂರು ರೂಪಾಯಿ ಬೆಲೆಯೂ ಇಲ್ಲವೇ? ತಾವೇ ಎದ್ದು ಇನ್ನೂರು ಅಂದರು. ಅವರ ಭಾವಮೈದ ತಮಾಷೆಗೆ ಮುನ್ನೂರು ಅಂದ. ಯಜಮಾನರು ಐನೂರು ಅಂದು ಗಡಿಯಾರ ಕಂಕುಳಿಗೆ ಸೇರಿಸಿಕೊಂಡರು. ಆಮೇಲೆ ಕೇಳಬೇಕೆ, ಎಲೆಯ ಮುಂದೆ ಕೂತವರು ಎಂಜಲು ಕೈಯಲ್ಲೇ ಎದ್ದು ಬಂದರು. ತಮ್ಮ ಗಡಿಯಾರ ಅಗ್ಗಕ್ಕೆ ಹೋಗಬಾರದು ಅಂತ ಒಬ್ಬೊಬ್ಬರೂ ತಮ್ಮದನ್ನು ತಾವೇ ಕೂಗಿ ಕೊಂಡರು. ಅಂಗಡಿಯಲ್ಲಿ ಒಂದು ಸಲ ದುಡ್ಡು ಕೊಟ್ಟ ಸಾಮಾನಿಗೆ ಇಲ್ಲಿ ಇನ್ನೊಂದು ಸಲ ಕೊಟ್ಟು, ಗೆದ್ದವರ ಹಾಗೆ ಮೀಸೆ ತಿರುವುತ್ತಾ ಹೋದರು.

ಊರಿನಲ್ಲಿ ಅಣ್ಣ ತಮ್ಮ ಇಬ್ಬರಿದ್ದರು. ತೋಟದ ಬದುವಿನ ಜಗಳವಾಗಿ ಆರು ವರ್ಷದಿಂದ ಮಾತಿಲ್ಲ. ಶಾಮಿಯಾನದ ಆ ತುದಿಗೊಬ್ಬ, ಈ ತುದಿಗೊಬ್ಬ ಕೂತಿದ್ದರು. ಅಣ್ಣ ಕೊಟ್ಟಿದ್ದು ಹಂಸದ ಚಿತ್ರದ ದೊಡ್ಡ ಗಡಿಯಾರ, ಕೆಳಗೆ ಕೆಂಪಕ್ಷರದಲ್ಲಿ ಹೆಸರು. ಅಣ್ಣ ಐನೂರು ಅಂದ ಕೂಡಲೇ ತಮ್ಮ ಆಕಾಶ ನೋಡುತ್ತಾ ಆರುನೂರು ಅಂದ. ಅಣ್ಣನಿಗೆ ಖರ್ಚು ಜಾಸ್ತಿ ಮಾಡಿಸಬೇಕು ಅನ್ನುವುದಷ್ಟೇ ಅವನ ಹಟ. ಸಾವಿರ ದಾಟಿತು, ಎರಡು ಸಾವಿರ ದಾಟಿತು. ಮೂರು ಸಾವಿರ ಅಂತ ತಮ್ಮ ಕೂಗಿದ್ದೇ ತಡ, ಅಣ್ಣ ಕೈ ಕಟ್ಟಿಕೊಂಡು ಕೂತುಬಿಟ್ಟರು. ಕಂಡಕ್ಟರು ಒಂದು ಸಲ, ಎರಡು ಸಲ, ಮೂರು ಸಲ ಅಂದು ಸೀಟಿ ಊದಿದರು. ತಮ್ಮ ಪೆಚ್ಚುಮೋರೆ ಹಾಕಿಕೊಂಡು ಗಡಿಯಾರ ಹಿಡಿದು ನಿಂತ. ಆಗ ಅಣ್ಣ ಆರು ವರ್ಷದ ಮೇಲೆ ಮೊದಲನೇ ಸಲ ಅವನ ಜೊತೆ ಮಾತಾಡಿದರು.

"ತಗಂಡೋಗ್ಲಾ. ನಿನ್ ಗೋಡೆ ಮ್ಯಾಲೆ ಹಾಕ್ಕಂಡು ಗಂಟೆಗೊಂದ್ಸಲ ನನ್ ಹೆಸ್ರು ನೋಡು."

ಶಾಮಿಯಾನವೆಲ್ಲ ಬಿದ್ದು ಬಿದ್ದು ನಕ್ಕಿತು. ತಮ್ಮ ಸ್ವಲ್ಪ ಹೊತ್ತು ತಡೆದುಕೊಂಡ, ಆಮೇಲೆ ಅವನೂ ನಕ್ಕ.

ಕೊನೆಗೆ ಉಳಿದದ್ದು ಕೆಂಪು ಬಕೆಟ್ಟು. ಕಂಡಕ್ಟರು ಅದನ್ನೂ ಎತ್ತಿ ಹಿಡಿದರು, ಕೂಗಲು ಹೆಸರಿರಲಿಲ್ಲ. ಹೆಸರಿಲ್ಲದ ಮೇಲೆ ಯಾರ ಮರ್ಯಾದೆಯೂ ಹೋಗುವ ಹಾಗಿರಲಿಲ್ಲ, ಯಾರೂ ಕೂಗಲಿಲ್ಲ. ಅಡುಗೆಯ ಕಡೆ ನೋಡಿದೆ, ಅಕ್ಕ ಸೌಟು ಹಿಡಿದು ಇತ್ತಲೇ ನೋಡುತ್ತಿದ್ದರು. ನಾನೇ ಕೂಗಿಬಿಡೋಣ ಅಂತ ಎದ್ದೆ. ಅಷ್ಟರಲ್ಲಿ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಕಂಡಕ್ಟರ ಕೈಯಿಂದ ಬಕೆಟ್ಟು ಕಿತ್ತುಕೊಂಡರು.

"ಇದು ಮಾರಾಕಲ್ಲ ತಂದಿದ್ದು. ನೀರು ಬಂದ್ಮ್ಯಾಕೆ ಅಲ್ಲಿಗೊಂದು ಬಕೆಟ್ಟು ಬ್ಯಾಡ್ವಾ?"

ಯಾರೋ ಹಿಂದಿನಿಂದ, ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತ ತಮಾಷೆ ಮಾಡಿದರು. ಈ ಸಲ ಯಾರೂ ನಗಲಿಲ್ಲ. ಮೊಮ್ಮಗಳನ್ನು ಕುಣಿಗಲ್ಲಿಗೆ ಕಳಿಸುತ್ತೇನೆ ಅಂದಿದ್ದ ಹೆಂಗಸು ಚೇಳೂರಿನ ಅಂಗಡಿಗೆ ಹೋಗಿ ಬಕೆಟ್ಟು ಕೊಂಡು ತಂದಿದ್ದರು. ನೀರು ಬಂದೇ ಬರುತ್ತದೆ ಅಂತ ಆ ಶಾಮಿಯಾನದಲ್ಲಿ ನಂಬಿದ್ದವರು ಅವರೊಬ್ಬರೇ. ಪತ್ರಿಕೆ ಅಚ್ಚು ಹಾಕಿಸಿದ ನಾನೇ ನಂಬಿರಲಿಲ್ಲ.

ಬಂದ ದುಡ್ಡು ಮೋಟರು ಪೈಪು ಆಗಿ ಟ್ಯಾಂಕಿಗೂ ಸಾಲುವಷ್ಟಿತ್ತು. ಬೇಸಿಗೆ ರಜದಲ್ಲಿ ತುಮಕೂರಿನಿಂದ ಲಗೇಜ್ ಆಟೋದಲ್ಲಿ ಕರಿ ಟ್ಯಾಂಕು ಹೇರಿಸಿಕೊಂಡು, ಡ್ರೈವರ್ ಪಕ್ಕದಲ್ಲಿ ನಾನೇ ಕೂತು ಬಂದೆ. ದಾರಿಯುದ್ದಕ್ಕೂ ನಿಧಾನ ನಿಧಾನ ಅಂತ ಆ ಡ್ರೈವರಿನ ತಲೆ ತಿಂದೆ. ಹರಾಜಾದ ಎರಡೇ ದಿನಕ್ಕೆ ಆ ತಮ್ಮ ಹಂಸದ ಗಡಿಯಾರ ವಾಪಸು ತಂದು ಶಾಲೆಗೇ ಕೊಟ್ಟಿದ್ದ. ಹೆಂಡತಿ ಅದನ್ನು ಗೋಡೆಗೆ ಹಾಕಲು ಬಿಡಲಿಲ್ಲವಂತೆ. ಅದನ್ನು ಏಳನೇ ಕ್ಲಾಸಿನಲ್ಲಿ ತೂಗುಹಾಕಿದೆವು, ಕೊನೆಗೆ ಶಾಲೆಯಲ್ಲೇ ಉಳಿದ ಗಡಿಯಾರ ಅದೊಂದೇ.

ಜೂನ್ ಬಂತು. ಅಕ್ಕನ ಮೊಮ್ಮಗಳು ಏಳನೇ ಕ್ಲಾಸಿಗೆ ಬಂದಳು. ಡ್ರಾಯರಿನಿಂದ ಬೀಗದ ಕೈ ತೆಗೆದು ಅವಳ ಕೈಗೇ ಕೊಟ್ಟೆ, ಇನ್ನು ಬಾಗಿಲು ತೆಗೆಯುವುದು ನಿನ್ನ ಜವಾಬ್ದಾರಿ ಅಂದೆ. ಆ ಮಧ್ಯಾಹ್ನ ಹಂಸದ ಗಡಿಯಾರದಲ್ಲಿ ಎರಡು ಗಂಟೆಯಾದಾಗ ಹಾಜರಿ ಪುಸ್ತಕ ತೆರೆದೆ. ಹುಡುಗಿಯರ ಕಡೆಯ ಬೆಂಚು ತುಂಬಿತ್ತು. ಒಂದೊಂದೇ ಹೆಸರು ಕರೆಯುತ್ತಾ ಬಂದೆ. ಅವಳ ಹೆಸರು ಬಂದಾಗ ಅವಳು ಎದ್ದು ನಿಂತು ಪ್ರೆಸೆಂಟ್ ಮಿಸ್ ಅಂದಳು. ಎತ್ತಿದ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಪುಸ್ತಕವೆಲ್ಲ ನೆನೆಯುತ್ತದೆ, ಮೊದಲು ಕೈ ಒರೆಸಿಕೊಂಡು ಕೂತ್ಕೊ ಅಂತ ಗದರಿಸಿದೆ. ಗದರಿಸದಿದ್ದರೆ ಮಕ್ಕಳೆದುರಿಗೆ ಅತ್ತುಬಿಡುತ್ತಿದ್ದೆ.