ಅಪ್ಪನ ಪಕ್ಕದ ಜಾಗ

ಕೊನೆಗಾಲದಲ್ಲಿ ಅಮ್ಮನಿಗೆ ಇದ್ದದ್ದು ಒಂದೇ ಆಸೆ. ಕಣ್ಣು ಮುಚ್ಚುವ ಮೊದಲು ಒಂದು ಸಲ ಮಗನ ಜೊತೆ ಕೂತು ಕರ್ತನ ಭೋಜನ ತೆಗೆದುಕೊಳ್ಳಬೇಕು. ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ಒಡವೆ ಕೇಳಿದಳೇ, ವಸ್ತ್ರ ಕೇಳಿದಳೇ? ಇಷ್ಟನ್ನು ಕೊಡಿಸಲು ನನ್ನ ಕೈಲಾಗಲಿಲ್ಲ.

ನಾವು ಚಿನ್ನದ ಗಣಿಯ ಊರು ಕೋರಮಂಡಲ್‌ನ ಹಳೇ ಚರ್ಚ್ ಸಭೆಯವರು. ಗಣಿ ಕೆಲಸಗಾರನಾಗಿದ್ದ ಅಪ್ಪನನ್ನು ಮಣ್ಣು ಮಾಡಿದ್ದು ಆ ಸಭೆಯ ಸಮಾಧಿ ಜಾಗದಲ್ಲೇ. ಪಕ್ಕದ ಆರಡಿ ಅಮ್ಮನಿಗೆಂದು ಬಿಟ್ಟಿದ್ದರು. ಮದುವೆಯಾಗಿ ಬಂಗಾರಪೇಟೆ ಸೇರಿದ ಅಣ್ಣ ಮಾತ್ರ ಅಲ್ಲೊಬ್ಬ ಬೋಧಕರಿಗೆ ಮರುಳಾದ. ಮೊದಲು ಮಾಡಿದ ಕೆಲಸ, ವಿಗ್ರಹಾರಾಧನೆ ಅಂತ ಗೋಡೆಯ ಮೇಲಿದ್ದ ಏಸುವಿನ ಪಟ ಇಳಿಸಿದ್ದು. ಅದೇ ಮೊಳೆಗೆ ಬೋಧಕರ ಕ್ಯಾಲೆಂಡರ್ ನೇತುಹಾಕಿದ, ಕೋಟು, ಕೂಲಿಂಗ್ ಗ್ಲಾಸ್ ಸಮೇತ.

“ಇದೇನಣ್ಣಾ, ಏಸು ಆದ್ರೆ ವಿಗ್ರಹ, ಈವಯ್ಯ ಆದ್ರೆ ಕ್ಯಾಲೆಂಡರಾ?” ಅಂದೆ.

“ಅಭಿಷೇಕ ಆಗಿರೋರ ಮ್ಯಾಲೆ ನಾಲ್ಗೆ ಅರಿಬಿಡಬ್ಯಾಡ,” ಅಂದ.

ಅಲ್ಲಿಗೆ ನಮ್ಮಿಬ್ಬರ ಮಾತು ನಿಂತಿತು. ನನ್ನ ಬಾಯೂ ಸರಿಯಿಲ್ಲ, ಒಪ್ಪಿಕೊಳ್ಳುತ್ತೇನೆ. ನಮ್ಮ ಸಭೆಯೇನು ಸಾಚಾನೇ? ಕಮಿಟಿ ಚುನಾವಣೆಯಲ್ಲಿ ಎರಡು ಪಾರ್ಟಿಯಾಗಿ ಒಂದೇ ಗೇಟಿಗೆ ಎರಡು ಬೀಗ ಜಡಿದ ಪುಣ್ಯಾತ್ಮರು ನಾವು. ಆ ವರ್ಷ ಕ್ರಿಸ್‌ಮಸ್ ಆರಾಧನೆ ರಸ್ತೆಯಲ್ಲೇ ಆಯಿತು.

ಅಣ್ಣ ನಮ್ಮ ಸಭೆಗೆ ಬಂದು ಕೂರಲು ಬೋಧಕರ ಅಪ್ಪಣೆ ಇರಲಿಲ್ಲ. ಅಮ್ಮನೇ ಅಲ್ಲಿಗೆ ಹೋಗಲಿ ಎಂದರೆ, ನೀರಲ್ಲಿ ಮುಳುಗಿ ದೀಕ್ಷಾಸ್ನಾನ ಆದವರಿಗೆ ಮಾತ್ರ ಭೋಜನ. ಅಮ್ಮ ಹಸುಗೂಸಾಗಿದ್ದಾಗ ಪಾದ್ರಿ ಅಯ್ಯನವರು ತಲೆಗೆ ನೀರು ಹಾಕಿದ್ದು ಅವರಿಗೆ ಲೆಕ್ಕಕ್ಕಿಲ್ಲ. “ಸರಿ, ಮುಳುಗ್ತೀನಿ,” ಅಂದುಬಿಟ್ಟಳು ಅಮ್ಮ.

ನಾನು ಓಡಿದ್ದು ನಮ್ಮ ಸಭೆಯ ಅಯ್ಯನವರ ಹತ್ತಿರ. “ಇನ್ನೊಂದ್ ಕಡೆ ಮುಳುಗಿದ್ರೆ ಸಭೆ ಪಟ್ಟಿಯಿಂದ ಹೆಸರು ತೆಗೀಬೇಕಾಗ್ತದಮ್ಮಾ. ಹೆಸರು ಹೋದ್ರೆ ಸಮಾಧಿ ಜಾಗಾನೂ ಹೋಯ್ತು. ನನ್ನ ಕೈಲಿ ಏನಿದೆ ಹೇಳು?” ಅಂದರು. ಒಳ್ಳೆಯವರೇ ಪಾಪ, ಆದರೆ ಕಮಿಟಿ ಅಂದರೆ ಅವರಿಗೂ ನಡುಕ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. “ಯೋಚ್ನೆ ಮಾಡಮ್ಮಾ. ಅಪ್ಪನ ಪಕ್ಕದ ಜಾಗ ಓಗ್ಬಿಡ್ತದೆ.”

ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಕೈಯಲ್ಲಿದ್ದ ಕಾಯಿ ಬಿಡಿಸಿ ಕಾಳು ಮೊರಕ್ಕೆ ಹಾಕಿದಳು.

“ಸತ್ತೋನು ಕಾಯ್ತಾನೆ ಕಣೇ,” ಅಂದಳು ಆಮೇಲೆ. “ಬದುಕಿರೋನು ಕಾಯಲ್ಲ.”

ನಾನೇ ಕೈಹಿಡಿದು ಕರೆದುಕೊಂಡು ಹೋದೆ. ಪ್ರಾರ್ಥನಾ ಹಾಲಿನ ಹಿಂದೆ ಸಿಮೆಂಟ್ ತೊಟ್ಟಿ, ಎದೆಮಟ್ಟ ತಣ್ಣೀರು. ಇಬ್ಬರು ಹಿಡಿದು ಮುಳುಗಿಸಿ ಎತ್ತಿದರು. ಕೆಮ್ಮುತ್ತಾ, ನಡುಗುತ್ತಾ, ನನ್ನ ಟವಲಿನೊಳಗೆ ನಿಂತು ನಕ್ಕಳು. “ಇನ್ನೇನು ಬುಡು, ಬರೋ ಬಾನ್ವಾರ ನಾನೂ ನಿಮ್ಮಣ್ಣಾನೂ ಒಟ್ಟಿಗೆ.” ಅಂಥ ಖುಷಿ ನಾನು ಅವಳ ಮುಖದಲ್ಲಿ ವರ್ಷಗಳಿಂದ ನೋಡಿರಲಿಲ್ಲ.

ಭಾನುವಾರ ಗಂಜಿ ಹಾಕಿದ ಬಿಳಿ ಸೀರೆ ಉಟ್ಟಳು. ನಮ್ಮ ಆಂಡರ್ಸನ್‌ಪೇಟೆಯಿಂದ ಬಂಗಾರಪೇಟೆಗೆ ಮೊದಲ ಬಸ್ಸು ಹಿಡಿದೆವು. ಹಾಲಿನಲ್ಲಿ ಹೆಂಗಸರ ಸಾಲಿನ ಅಂಚಿನಲ್ಲಿ ಕೂತು, ಗಂಡಸರ ಕಡೆಯ ಮೊದಲ ಕುರ್ಚಿಯ ಮೇಲೆ ತನ್ನ ಕೈಚೀಲ ಇಟ್ಟಳು, ಮಗನಿಗೆ ಅಂತ. ಮಗ ಎಲ್ಲಿ? ವೇದಿಕೆಯ ಮೇಲೆ, ಬೋಧಕರ ಕುರ್ಚಿಯ ಹಿಂದೆ, ತೋಳಿನ ಮೇಲೊಂದು ಟವಲು, ಕೈಯಲ್ಲಿ ನೀರಿನ ಬಾಟಲಿ. ಅವರ ಕತ್ತು ಬೆವರಿದರೆ ಟವಲು ಚಾಚಬೇಕು. ಅದೇ ಅವನ ಸೇವೆ, ಅದೇ ಅವನ ಭಾಗ್ಯ.

ರೊಟ್ಟಿಯ ತಟ್ಟೆ ಬಂತು. ಅಮ್ಮ ಒಂದು ಚೂರು ತೆಗೆದುಕೊಂಡು ಅಂಗೈಯಲ್ಲಿಟ್ಟು ವೇದಿಕೆ ನೋಡುತ್ತಾ ಕೂತಳು. ಒಂದು ಸಲ ಕೈಯೆತ್ತಿ ಸನ್ನೆಯನ್ನೂ ಮಾಡಿದಳು. ಅಣ್ಣನ ಕಣ್ಣು ಆ ಕತ್ತಿನಿಂದ ಈಚೆ ಬರಲಿಲ್ಲ. ಎಲ್ಲರೂ ತಿಂದು ಆಮೆನ್ ಅಂದರು. “ತಿನ್ನಮ್ಮಾ,” ಅಂದೆ. ತಿಂದಳು.

ವಾಪಸು ಬರುವಾಗ ಬಸ್ಸಿನಲ್ಲಿ, “ಕೆಲ್ಸ ಇತ್ತೇನೋ, ಪಾಪ,” ಅಂದಳು.

ಮುಂದಿನ ಭೋಜನ ಒಂದು ತಿಂಗಳಿಗೆ. ಅಷ್ಟರೊಳಗೆ ಎದೆಯಲ್ಲಿ ಕಫ ಕಟ್ಟಿ ಅಮ್ಮ ಹೋಗಿಬಿಟ್ಟಳು. ನಾನು ಕಮಿಟಿಯ ಮುಂದೆ ಕೈಮುಗಿದು ಗೋಗರೆದೆ. ಬೀಗಕ್ಕೆ ಬೀಗ ಜಡಿದ ಎರಡು ಪಾರ್ಟಿಯವರೂ ಜನ್ಮದಲ್ಲಿ ಮೊದಲ ಸಲ ಒಂದಾದರು: ಆಗಲ್ಲ ಅಂದರು. ಬೋಧಕರ ಸಭೆಗೆ ಸ್ವಂತ ಸಮಾಧಿ ಜಾಗವೇ ಇಲ್ಲ. ಕೊನೆಗೆ ಬಂಗಾರಪೇಟೆಯಾಚೆ, ಎಲ್ಲರನ್ನೂ ಹೂಳುವ ಬಯಲೇ ಗತಿಯಾಯಿತು.

ಗುಂಡಿ ಸಿದ್ಧವಾಗಿತ್ತು. ಪೆಟ್ಟಿಗೆಯ ಮುಚ್ಚಳ ಇನ್ನೂ ಹಾಕಿರಲಿಲ್ಲ. ಮೊದಲ ಹಿಡಿ ಮಣ್ಣು ಬೋಧಕರೇ ಹಾಕಬೇಕು ಅಂತ ಅಣ್ಣನ ಹಟ. “ಒಂಟವ್ರಂತೆ, ಬತ್ತಾರೆ,” ಅನ್ನುತ್ತಾ ಫೋನು ಹಿಡಿದು ರಸ್ತೆಯ ಕಡೆ ತಿರುಗಿ ನಿಂತ. ಬಿಸಿಲು ನೆತ್ತಿಗೆ ಬಂತು, ಇಳಿಯಿತು. ಜನ ಒಬ್ಬೊಬ್ಬರೇ ಜಾರಿಕೊಂಡರು. ನಾನು ಹೋಗಿ ಅಣ್ಣನ ತೋಳು ಹಿಡಿದೆ.

“ಅಣ್ಣಾ, ಒಂದೇ ಒಂದ್ಸಲ ಅಮ್ಮನ್ ಮುಖ ನೋಡೋ.”

“ಇನ್ನೊಂದೈದ್ ನಿಮ್ಸ ಕಣಮ್ಮಾ,” ಅಂದ.

ಗುಂಡಿ ತೋಡಿದವರು ನನ್ನ ಕಡೆ ನೋಡಿದರು. ಮುಚ್ಚಿ, ಇಳಿಸಿ ಅಂದೆ. ಮೊಳೆ ಹೊಡೆದರು, ಹಗ್ಗ ಕಟ್ಟಿ ಇಳಿಸಿದರು. ಅಣ್ಣ ಇನ್ನೂ ರಸ್ತೆ ನೋಡುತ್ತಿದ್ದ.