ಕಲಿಸಿದವರು ಯಾರೆಂದು ಕೇಳಿದಾಗ

ಇದನ್ನು ಬರೆಯಲು ಕೂತು ಎದ್ದದ್ದು ಎಷ್ಟು ಸಲವೋ. ಕಣ್ಣು ಮಂಜಾಗಿದೆ, ನಾಳೆ ನೋಡೋಣ ಎಂದು ಕಾಗದ ಮಡಿಸಿಟ್ಟೆ. ಕಣ್ಣಿನ ತಪ್ಪೇನೂ ಇರಲಿಲ್ಲ.

ನಿಜಾಮರ ಕಾಲದಲ್ಲಿ ಭಾಲ್ಕಿಯ ನಮ್ಮ ಶಾಲೆಯಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ನಮ್ಮ ಮಾಸ್ತರರು ಮುಸಲ್ಮಾನರು. ಶಾಲೆ ಬಿಟ್ಟ ಮೇಲೆ ನನ್ನನ್ನು ಕೂರಿಸಿಕೊಂಡು ಪಾಟಿಯ ಹಿಂಬದಿಗೆ ಕನ್ನಡ ಅಕ್ಷರ ತಿದ್ದಿಸುತ್ತಿದ್ದರು. ತನಿಖೆಯ ಸಾಹೇಬರು ಬಂದರೆ ಪಾಟಿ ಮಗುಚಬೇಕು, ಉರ್ದು ಮೇಲಿರಬೇಕು. ಸಿಕ್ಕಿಬಿದ್ದರೆ ಮಾಸ್ತರರ ನೌಕರಿ ಹೋಗುತ್ತಿತ್ತು.

"ಅವ್ವನ ಮಾತು ಬರೀಲಾಕ ಬರಬೇಕಲ್ಲೋ," ಎಂದರು ಒಮ್ಮೆ.

"ನಮ್ಮವ್ವಗ ಓದ್ಲಾಕ ಬರಂಗಿಲ್ರಿ."

"ಹಂಗಾರ ನೀನೇ ಬರಿ, ನೀನೇ ಓದಿ ಹೇಳು. ಕೆಲಸ ಎರಡಾಯ್ತು ನೋಡು!"

ಪೊಲೀಸ್ ಕಾರ್ಯಾಚರಣೆಯಿಂದ ನಿಜಾಮರ ಆಳ್ವಿಕೆ ಮುಗಿದು ಶಾಲೆಗಳಿಗೆ ಕನ್ನಡ ಬಂದಾಗ, ಆ ಪಾಟಿಯ ಹಿಂಬದಿಯಿಂದಲೇ ನನಗೆ ಔರಾದಿನಲ್ಲಿ ಮಾಸ್ತರಿಕೆ ಸಿಕ್ಕಿತು. ಆಗಿನ ಗಲಭೆಯಲ್ಲಿ ಮುಸಲ್ಮಾನರ ಎಷ್ಟೋ ಮನೆಗಳು ಖಾಲಿ ಬಿದ್ದಿದ್ದವು. ಅವರೊಡನೆ ನಿಂತು ಮಾತಾಡಿದವನನ್ನೂ ಜನ ಅನುಮಾನದಿಂದ ನೋಡುತ್ತಿದ್ದರು.

ಒಂದು ದಿನ ಊರ ಗೌಡರು ತರಗತಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನಾನು ಮಕ್ಕಳಿಗೆ ಉಪಕಾರ ಮರೆಯಬಾರದೆಂದು ಕಥೆ ಹೇಳುತ್ತಿದ್ದೆ. ಮಾಂಜ್ರಾ ಹೊಳೆಯ ಪ್ರವಾಹದಲ್ಲಿ ತನ್ನನ್ನು ದಡ ಸೇರಿಸಿದ ಎತ್ತನ್ನು, ಅದು ಮುದಿಯಾದರೂ ಮಾರದ ರೈತನ ಕಥೆ. ಮುಗಿಯುತ್ತಲೇ ಮುಂದಿನ ಸಾಲಿನ ಹುಡುಗಿ ಎದ್ದಳು.

"ನಿಮಗ ಅಕ್ಷರ ಕಲಿಸಿದವ್ರು ಯಾರ್ರಿ, ಮಾಸ್ತರ್ರ?"

ಗೌಡರು ನನ್ನ ಕಡೆ ನೋಡಿದರು.

"ಮಠದ ಅಯ್ಯನವರು," ಎಂದೆ.

ಬಾಗಿಲಲ್ಲಿ ನೆರಳಾಯಿತು. ಭಾಲ್ಕಿ ಬಿಟ್ಟು ಬೀದರಿನ ತಂಗಿಯ ಮನೆಗೆ ಹೊರಟಿದ್ದ ನಮ್ಮ ಮಾಸ್ತರರು, ನನ್ನನ್ನು ನೋಡಿ ಹೋಗಲೆಂದೇ ಸುತ್ತು ಹಾಕಿ ಬಂದಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಯಾರ್ರೀ ಇವ್ರು?" ಗೌಡರು ಕೇಳಿದರು.

"ದಾರಿ ಕೇಳ್ಲಾಕ ಬಂದಾರ್ರಿ."

ಮಾಸ್ತರರು ಗೌಡರಿಗೆ ಕೈ ಎತ್ತಿ ಸಲಾಮು ಮಾಡಿದರು. "ಹೌದ್ರಿ, ಬೀದರದ ದಾರಿ ಕೇಳ್ಲಾಕ ಬಂದಿನ್ರಿ." ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ, "ಕಥಿ ಛಲೋ ಹೇಳ್ತಿ, ಬೇಟಾ," ಎಂದರು. ನೀರನ್ನೂ ಕೇಳದೆ ಹೊರಟರು. ಆಗಲೂ ನನ್ನನ್ನು ಕಾಪಾಡಿದವರು ಅವರೇ.

ಅದೇ ಕಥೆಯನ್ನು ನಿವೃತ್ತಿಯವರೆಗೂ ಹೇಳಿದೆ. ಪ್ರತಿ ವರ್ಷ ಯಾವುದಾದರೂ ಮಗು ಅದೇ ಪ್ರಶ್ನೆ ಕೇಳುತ್ತಿತ್ತು, ನಾನು ಅದೇ ಉತ್ತರ ಕೊಡುತ್ತಿದ್ದೆ. ಒಳ್ಳೆಯ ಮಾಸ್ತರರೆಂದು ಶಾಲು ಹೊದಿಸಿ ಕಳಿಸಿದರು. ಬೀದರಿಗೆ ಎಷ್ಟೋ ಸಲ ಹೋದೆ. ಕೋಟೆಯ ಹತ್ತಿರದ ಅವರ ಓಣಿಯ ಬಾಯಿಯವರೆಗೆ ಹೋಗಿ ತಿರುಗಿದ್ದೂ ಉಂಟು. ಅವರು ತೀರಿಕೊಂಡರೆಂದು ತಿಳಿದದ್ದು ಆರು ತಿಂಗಳ ಮೇಲೆ.

ನನ್ನ ಮೊಮ್ಮಗಳು ನಿನ್ನೆ ಶಾಲೆಯಿಂದ ಬಂದು ಕೇಳಿದಳು, ಅದನ್ನೇ. ದಣಿದಿದ್ದೇನೆ, ಇನ್ನು ಸುಳ್ಳು ಹೇಳಲಾರೆ. ಪಾಟಿಯ ಎರಡೂ ಬದಿಗೆ ನನ್ನ ಕೈ ಹಿಡಿದು ಬರೆಸಿದವರನ್ನು ನಾನು ಕರೆಯುತ್ತಿದ್ದದ್ದು ಒಂದೇ ಹೆಸರಿನಿಂದ: ಉಸ್ತಾದ.