ಸಾರಿನ ಪಾತ್ರೆ ಇಟ್ಟು ನೋಡಿದ ಗಾಡಿ

ಸುಬ್ರಹ್ಮಣ್ಯಪುರದ ನಮ್ಮ ಅಡುಗೆಮನೆಯಿಂದ ಜಯನಗರದ ಛತ್ರಗಳಿಗೆ ಊಟ ಕಳಿಸುತ್ತೇವೆ. ಅಡುಗೆ ನನ್ನದು, ಗಾಡಿ ನಮ್ಮ ಯಜಮಾನರದು. ಡೀಸೆಲ್ ಪಿಕಪ್ ಹಳತಾಗಿತ್ತು, ಎಲೆಕ್ಟ್ರಿಕ್ ಪಿಕಪ್ ಕೊಳ್ಳೋಣ ಎಂದು ಅವರಿಗೆ ಆಸೆ. ನನಗೆ ಗೊತ್ತಾಗಬೇಕಿದ್ದುದು ಒಂದೇ: ಸಾರು ಚೆಲ್ಲದೆ ಛತ್ರ ಸೇರುತ್ತದೆಯೇ? ಪಂಕ್ತಿಯಲ್ಲಿ ಸಾರು ಸಾಲದೆ ಹೋದರೆ ಆ ಮನೆಯವರು ಇನ್ನೊಂದು ಮದುವೆಗೆ ನಮ್ಮನ್ನು ಕರೆಯುವುದಿಲ್ಲ.

ಶೋರೂಮಿನವರೊಬ್ಬರು ಗಾಡಿಯನ್ನು ಬಾಗಿಲಿಗೇ ತಂದರು. ಖಾಲಿ ಗಾಡಿಯಲ್ಲಿ ಒಂದು ಸುತ್ತು ಹೋಗಿಬಂದ ನಮ್ಮವರು ಸೊಂಟ ಹಿಡಿದುಕೊಂಡು ಇಳಿದರು.

"ಎತ್ತೆತ್ತಿ ಹಾಕತ್ತಲ್ರೀ."

"ಖಾಲಿ ಇದ್ರೆ ಯಾವ ಪಿಕಪ್ಪೂ ಹಂಗೇ ಸಾರ್. ಲೋಡ್ ಹಾಕಿ ನೋಡಿ, ಸಖತ್ತಾಗಿ ಕೂರತ್ತೆ."

ಹಾಕಿದೆವು. ಅಕ್ಕಿ ಮೂಟೆಗಳ ನಡುವೆ ಸಾರಿನ ದೊಡ್ಡ ಪಾತ್ರೆ, ಅದರಲ್ಲಿ ಕಂಠದವರೆಗೆ ನೀರು. ಎಂದಿನಂತೆ ಬಾಳೆಎಲೆ, ತಟ್ಟೆ ಮುಚ್ಚಿ ಬಟ್ಟೆ ಬಿಗಿಯುವುದನ್ನು ಈ ಸಲ ಬೇಕೆಂದೇ ಬಿಟ್ಟೆ, ಚೆಲ್ಲಿದರೆ ಕಾಣಲಿ ಎಂದು. ನಾನು ಪಕ್ಕದ ಮೂಟೆಯ ಮೇಲೆ ಕೂತೆ.

"ಮೇಡಂ, ಹಿಂದೆ ಕೂರಂಗಿಲ್ಲ."

"ಅವಳ ಸೀಟೇ ಅದು, ಬನ್ನಿ ನೀವು," ಎಂದು ನಮ್ಮವರು ಹೊರಡಿಸಿದರು.

ಭಾರ ಬಿದ್ದಮೇಲೆ ಗಾಡಿ ನಿಜಕ್ಕೂ ತಗ್ಗಿ ಕೂತಿತ್ತು. ಗುಂಡಿಗಳನ್ನು ಮೆತ್ತಗೆ ದಾಟಿತು. ತಿರುವಿನಲ್ಲಿ ನೀರು ಅಂಚಿನ ತನಕ ಬಂದು ಹಿಂದೆ ಸರಿಯಿತು. ಸದ್ದಿಲ್ಲದ ಕಾರಣ ಎಷ್ಟು ಜೋರಾಗಿ ಹೋಗುತ್ತಿದ್ದೇವೆಂದೇ ತಿಳಿಯಲಿಲ್ಲ. ರಸ್ತೆಯಲ್ಲಿ ಮೊದಲ ಹಂಪು ಬಂತು. ಡೀಸೆಲ್ ಗಾಡಿಯಲ್ಲಿ ಮಾಡುವ ಹಾಗೆ ನಮ್ಮವರು ಆಕ್ಸಿಲರೇಟರಿನಿಂದ ಕಾಲನ್ನು ಪೂರ್ತಿ ಎತ್ತಿಬಿಟ್ಟರು, ತಾನಾಗಿ ಉರುಳಲಿ ಎಂದು. ಗಾಡಿ ಗಕ್ಕನೆ ಹಿಡಿಯಿತು. ನೀರೆಲ್ಲ ನನ್ನ ಮಡಿಲಿಗೆ.

"ಬ್ರೇಕ್ ಹಂಗ್ಯಾಕ್ರೀ ಹೊಡೆದ್ರಿ?"

"ಮುಟ್ಟೇ ಇಲ್ಲ ಕಣೇ. ಕಾಲೆತ್ತಿದೆ, ಅಷ್ಟೇ."

"ಇದ್ರಲ್ಲಿ ಕಾಲೆತ್ತಿದ್ರೆ ಅದೇ ಹಿಡ್ಕೊಳತ್ತೆ ಸಾರ್," ಎಂದರು ಶೋರೂಮಿನವರು. "ಪೆಡಲ್ ನಿಧಾನಕ್ಕೆ ಬಿಡ್ಬೇಕು. ಮೊದ್ಲೇ ಹೇಳ್ಬೇಕಿತ್ತು."

"ನನ್ನ ಸೀರೆ ಹೇಳ್ತು ಬಿಡಿ," ಎಂದೆ.

ದಾರಿಯಲ್ಲೇ ಒಂದು ಹೋಟೆಲಿನ ನಲ್ಲಿಯಲ್ಲಿ ಮತ್ತೆ ನೀರು ತುಂಬಿಕೊಂಡು ಜಯನಗರದವರೆಗೆ ಹೋಗಿ ಬಂದೆವು. ಈ ಸಲ ನಮ್ಮವರು ಹಂಪು ದೂರದಲ್ಲಿರುವಾಗಲೇ ಕಾಲನ್ನು ಸ್ವಲ್ಪಸ್ವಲ್ಪವೇ ಸಡಿಲಿಸಿದರು. ಮನೆ ಮುಂದೆ ಇಳಿದಾಗ ಪಾತ್ರೆಯ ಹೊರಮೈ ಒಣಗಿಯೇ ಇತ್ತು.

"ಏನಂತೀಯಾ?"

"ಗಾಡಿ ಸರಿಯಾಗಿದೆ. ನಿಮ್ಮ ಕಾಲು ಇನ್ನೊಂಚೂರು ಕಲೀಬೇಕು. ಬುಕ್ ಮಾಡಿ."

ಹೊಸ ಗಾಡಿ ಬರುವವರೆಗೆ ಅವರು ಹಳೆಯದರಲ್ಲೇ ಅಭ್ಯಾಸ ಶುರುಮಾಡಿದರು. ಬ್ರೇಕ್ ಮುಟ್ಟದೆ, ಪೆಡಲನ್ನು ಮೆಲ್ಲಗೆ ಬಿಟ್ಟರು. ಡೀಸೆಲ್ ಗಾಡಿ, ಅದೇಕೆ ತಾನಾಗಿ ನಿಂತೀತು? ಹಂಪಿನ ಮೇಲೆ ಹಾರಿತು, ಸೌಟುಗಳೆಲ್ಲ ಝಣಝಣ ಎಂದವು.

"ಇದ್ರಲ್ಲಿ ಬೇಡ ರೀ," ಎಂದೆ, ಸಾರಿನ ಪಾತ್ರೆಯನ್ನು ತಬ್ಬಿಕೊಂಡು. "ಹೊಸದು ಬರೋವರ್ಗೂ ಬ್ರೇಕೇ ಒತ್ತಿ."